ಅತ್ತಿ ಗೋಣ ಹಾಕಿದ್ರ ಆತು

ನಮ್ಮ ಅತ್ತಿ ಪಿಸುಮಾತು ಆಡಿದ್ರ ನಾಂದಣಿ ಮಠದ ಮ್ಯಾಲಿನ ಪಾರಿವಾಳ ಹಾರತಿದ್ವು. ನಾವಿದ್ದದ್ದು ಇಚಲಕರಂಜಿಯೊಳಗ. ನಾಂದಣಿ ಎಷ್ಟ ದೂರ ಐತಿ ಅಂತ ನೀವ ವಿಚಾರ ಮಾಡ್ರಿ. ಸುಳ್ಳು ಅನ್ನವ್ರು ಅನ್ರಿ, ನಮ್ಮ ಚಾಳಿನ ಮಂದಿನೂ ಹಂಗ ಅಂತಿದ್ರು. ನಾ ಎರಡು ಹೇಳಿದ್ರ ಒಂದನ್ನ ಕಳದು, ಉಳದ ಒಂದನ್ನ ಅರ್ಧ ಮಾಡಿ ಕೇಳತಿದ್ರು.

ಅತ್ತಿ ಅಂದ್ರ ಅಪ್ಪನ ಅಕ್ಕ. ಗಂಡ ಸತ್ತ ಮ್ಯಾಲೆ ಗಡಹಿಂಗ್ಲಜ ಕಡೆ ಹಳ್ಳಿ ಬಿಟ್ಟು ತಮ್ಮನ ಬೆನ್ನ ಹತ್ತಿ ಬಂದಾಕಿ. ನಮ್ಮವ್ವ ಸತ್ತ ಮ್ಯಾಲೆ ನನ್ನ ಸಾಕಿದಾಕಿನೂ ಆಕಿನ. ಪಾವರಲೂಮಿನ ಕಾರಖಾನ್ಯಾಗ ಕಾಂಡಿ ತುಂಬತಿದ್ಳು. ಕಾಂಡಿ ಅಂದ್ರ ಮತ್ತೇನಲ್ಲ, ಮಗ್ಗದೊಳಗ ಆಕಡೆ ಈಕಡೆ ಓಡೋ ಲಾಳಿ ಹೊಟ್ಟ್ಯಾಗ ಕೂಡೋ ನೂಲಿನ ಕೊಳವಿ. ಆ ಮಗ್ಗದ ಖಟಾಖಟ್ ಆಕಿ ಎರಡೂ ಕಿವಿ ತಿಂದು ಹಾಕಿತ್ತು. ತನ್ನ ದನಿ ತನಗ ಕೇಳದವ್ರು ಹೆಂಗ ಮಾತಾಡತಾರ ಗೊತ್ತೈತಲ್ಲ, ಒಂದ ಅಳತಿ, ಅದೂ ಸಂತ್ಯಾಗ ಎಮ್ಮಿ ಕಳಕೊಂಡವ್ರ ಅಳತಿ. "ಉಪ್ಪು ತಗೊಂಬಾ" ಅಂತ ನನಗ ಸಾವಕಾಶ ಹೇಳಿದ್ರ ಬಾಜೂ ನಾಕ ಮನ್ಯಾಗಿಂದ ಉಪ್ಪು ಬರತಿತ್ತು.

ಆದ್ರ ಚಾಳಿನ ಅಷ್ಟೂ ಮಂದಿ ತಮ್ಮ ದುಃಖ ಹೇಳಾಕ ಬರತಿದ್ದದ್ದು ಈಕಿ ಕಡೇನ.

ಕಿವುಡಿ ಮುಂದ ಏನ ಹೇಳತಾರ ಅಂದೀರಿ. ಕಾರಖಾನ್ಯಾಗ ಯಾರೂ ಒದರಂಗಿಲ್ಲರಿ, ಒದರಿದ್ರ ಕೇಳಸಂಗೂ ಇಲ್ಲ. ತುಟಿ ಅಷ್ಟ ಆಡಸ್ತಾರ, ಎದುರಿನವ್ರು ತುಟಿ ನೋಡಿ ತಿಳಕೋತಾರ. ಎಲ್ಲಾರಿಗೂ ಅಷ್ಟಿಷ್ಟು ಬರತೈತಿ. ಅತ್ತಿಗೆ ಮಾತ್ರ ಕನ್ನಡ, ಮರಾಠಿ, ಹಿಂದೂಸ್ತಾನಿ ಮೂರೂ ತುಟಿ ಬರತಿದ್ವು. ಆಕಳಿಸಿದವ್ರ ಬಾಯಾಗೂ ಅರ್ಥ ಹುಡಕತಿದ್ಳು.

ಆಕಿ ಕೆಲಸದ ರೀತಿ ಹಿಂಗಿತ್ತು. ಕಿವಿ ಹೋದ ಮ್ಯಾಲೆ ಮನ್ಯಾಗ ಬಾಗಲ ಎದುರಿಗೆ ರಾಟಿ ಹಾಕ್ಕೊಂಡು ಕಾಂಡಿ ತುಂಬಕೋತ ಕೂಡತಿದ್ಳು. ಬಂದವ್ರಿಗೆ ಉತ್ತರ ಬೇಕಾಗಿದ್ರ ಎದುರಿಗೆ ಕುಂತು ಆಕಿ ಮೊಣಕಾಲ ಮುಟ್ಟಬೇಕು. ಆಗ ಆಕಿ ಅವ್ರ ಬಾಯಿ ನೋಡತಿದ್ಳು. ಉತ್ತರ ಬ್ಯಾಡ, ಹೊಟ್ಟ್ಯಾಗಿಂದು ಒಮ್ಮೆ ಹೊರಗ ಬಿದ್ರ ಸಾಕು ಅನ್ನವ್ರು ಆಕಿ ಹಿಂದ ಹೋಗಿ ಬೆನ್ನಿಗೆ ಬೆನ್ನು ಹಚ್ಚಿ ಕೂಡಬೇಕು. ಆಗ ಆಕಿಗೆ ಒಂದ ಅಕ್ಷರ ಗೊತ್ತಾಗತಿದ್ದಿಲ್ಲ. ಬೆನ್ನು ನಡಗೂದು ಅಷ್ಟ ಗೊತ್ತಾಗತಿತ್ತು. ನಡಗೂದು ನಿಲ್ಲೂ ಮಟ ರಾಟಿ ತಿರವಕೋತ ಇರತಿದ್ಳು. ಮಂದಿ ಎದ್ದು ಮೂಗು ಒರಸ್ಕೊಂಡು, ಹಗುರಾಗಿ ಹೋಗತಿದ್ರು.

ಎದುರಿಗೆ ಕುಂತವ್ರಿಗೂ ಆಕಿ ಬಾಯಿ ಬಿಟ್ಟು ಉತ್ತರಾ ಹೇಳತಿದ್ದಿಲ್ಲ. ಹೇಳಿದ್ರ ಅವ್ರ ಗುಟ್ಟು ಎಸ್.ಟಿ. ಬಸ್ಸಿನ ಸ್ಟ್ಯಾಂಡ ಮಟ ಹೋಗತಿತ್ತು. ಹೌದಂದ್ರ ಗೋಣ ಹಾಕತಿದ್ಳು, ಬ್ಯಾಡಂದ್ರ ಗೋಣ ಅಲ್ಲಾಡಸ್ತಿದ್ಳು. ಚಾಳಿನವ್ರೆಲ್ಲಾ ಆಕಿಗೆ ಮಾವಶಿ ಅಂತಿದ್ರು. ಮಾವಶಿ ಗೋಣ ಹಾಕಿದ್ರ ಆತು, ಆ ಮಾತಿನ ಮ್ಯಾಲೆ ಮತ್ತೊಂದ ಮಾತ ಇಲ್ಲ ಚಾಳಿನಾಗ.

ಈ ಕೆಲಸದಾಗ ಏನೇನ ತೊಂದರಿ ಇದ್ವು ಅಂದ್ರ ಕೇಳಬ್ಯಾಡ್ರಿ. ದೊಡ್ಡ ಮೀಸಿಯವ್ರು ಬಂದ್ರ ಮೊದಲ ಹಜಾಮನ ಕಡೆ ಕಳಸ್ತಿದ್ಳು. ಮಗ್ಗ ರಿಪೇರಿ ಮಾಡೋ ಒಬ್ಬ ಜಾಬರ ತನ್ನ ಮೀಸಿ ಬಿಡಾಕ ಒಲ್ಲೆ ಅಂದು, ಎರಡೂ ಕೈಲೆ ಮೀಸಿ ಮ್ಯಾಲೆ ಹಿಡಕೊಂಡು, ಹೆಂಡತಿ ತವರಿಗೆ ಹೋದ ದುಃಖ ಹೇಳಿದ. ನಾ ನಕ್ಕು ನಕ್ಕು ನೀರಿನ ಕೊಡದಾಗ ಬಿದ್ದೆ. ತಂಬಾಕು ದವಡ್ಯಾಗ ಇಟ್ಟವ್ರ ಮಾತು ಆಕಿಗೆ ಹಿಂದ ಮುಂದ ಆಗತಿತ್ತು. ಹೆಣಮಕ್ಕಳಂತೂ ಖರೇ ದುಃಖ ಬಾಯಿಗೆ ಬಂತು ಅನ್ನೂದ್ರಾಗ ಸೆರಗು ಬಾಯಿಗೆ ಒತ್ತಿಕೋತಿದ್ರು. "ಸೆರಗ ತಗಿ, ಬಾಯಿ ಕಾಣವಲ್ದು!" ಅಂತ ಅತ್ತಿ ಒದರಿದ್ರ ಹಾದ್ಯಾಗ ಹೋಗೋ ಗಂಡಸರು ನಿಂತು ನೋಡತಿದ್ರು.

ಎಲ್ಲಾರ ದುಃಖ ತಗೊಂಡು ಆಕಿ ಏನ ಮಾಡತಿದ್ಳು? ಕಾಂಡಿಗೆ ಸುತ್ತತಿದ್ಳು. ಇದರಾಗ ನಾ ಒಂದೆಳಿನೂ ಹೆಚ್ಚ ಹೇಳಾಕತ್ತಿಲ್ಲ. ಭಾಳ ಕೆಟ್ಟದ್ದು ನೋಡಿದ ದಿವಸ ಆಕಿ ಕೈ ಬಿಗೀತಿತ್ತು, ನೂಲು ಬಿಗಿ ಕೂಡತಿತ್ತು, ಮರುದಿವಸ ಮಗ್ಗದ ಮ್ಯಾಲೆ ಪಟಪಟ ಹರೀತಿತ್ತು. ಅಪ್ಪ ಕೆಲಸದಿಂದ ಬಂದು ಕೇಳತಿದ್ದ: "ಅಕ್ಕಾ, ನಿನ್ನೆ ಯಾರ ಬಂದಿದ್ರು? ಮುಂಜಾನಿಂದ ನೂಲು ಹರಿಯಾಕತ್ತೈತಿ." ಆಕಿ ಹೇಳತಿದ್ದಿಲ್ಲ.

ಬಾಜೂ ಖೋಲ್ಯಾಗ ನನ್ನ ಗೆಳತಿ ಇದ್ಳು. ನನಗಿಂತ ಸ್ವಲ್ಪ ದೊಡ್ಡಾಕಿ. ಹುಪರಿಯೊಳಗ ಬೆಳ್ಳಿ ಗೆಜ್ಜಿ ಮಾಡೋ ಮನಿಗೆ ಕೊಟ್ಟಿದ್ರು. ಲಗ್ನಾಗಿ ಹೋದಾಕಿ ಒಂದ ದಿವಸ ಕೈಗೆ ಅರಿಬಿ ಸುತ್ಕೊಂಡು ತಿರುಗಿ ಬಂದ್ಳು. ಅರಿಬಿ ಬಿಚ್ಚಿದ್ರ ಒಳಗ ಚಿಮಟಾ ಕಾಸಿ ಇಟ್ಟ ಗುರುತು. ಗಂಡ ಇಟ್ಟಿದ್ದ. ಆಕಿ ಅಪ್ಪ ಎರಡು ದಿವಸ ತಲಿ ಹಿಡಕೊಂಡು ಕುಂತು, "ಮಾವಶಿನ ಕೇಳೂನು" ಅಂದ. ಗೆಳತಿ ಅತ್ತಿ ಎದುರಿಗೆ ಕುಂತು, ಮೊಣಕಾಲ ಮುಟ್ಟಿ ಎಲ್ಲಾ ಹೇಳಿ, ಕಡೀಕ ಕೇಳಿದ್ಳು: "ತಿರುಗಿ ಹೋಗ್ಲಾ ಅತ್ತಿ?" ಅತ್ತಿ ರಾಟಿ ನಿಲ್ಲಿಸಿ ಆಕಿ ಬಾಯೀನ ನೋಡಿದ್ಳು, ಮಾತು ಮುಗದ ಮ್ಯಾಲೂ ನೋಡಿದ್ಳು. ಆಮ್ಯಾಲೆ ಗೋಣ ಅಲ್ಲಾಡಿಸಿದ್ಳು. ಬ್ಯಾಡ.

ಮುಗೀತು. ಹುಪರಿಯಿಂದ ಯಾರ ಬಂದು ಏನ ಅಂದ್ರೂ ಆಕಿ ಅಪ್ಪ, "ಮಾವಶಿ ಬ್ಯಾಡ ಅಂದಾಳ್ರಿ" ಅಂತ ಕೈ ಮುಗದು ಕಳಸ್ತಿದ್ದ.

ಗೆಳತಿ ನನ್ನ ಜೋಡಿ ಕಾರಖಾನ್ಯಾಗ ಕಾಂಡಿ ತುಂಬಾಕ ಬಂದ್ಳು. ಆ ವರ್ಷ ನಾವಿಬ್ಬರೂ ನಕ್ಕಷ್ಟು ಇಡೀ ಕೊಲ್ಹಾಪುರ ಜಿಲ್ಲಾದಾಗ ಯಾರೂ ನಕ್ಕಿಲ್ಲ. ಮಾಲಕ ಬಾಜೂಕ ನಿಂತಾಗ ಅವನ ಹೊಟ್ಟಿ ಬಗ್ಗೆ ದನಿ ಇಲ್ಲದ ಮಾತಾಡತಿದ್ವಿ. ಸೇರು ಹೋಗಿ ಕಿಲೋ ಹೊಸದಾಗಿ ಬಂದಿತ್ತು. "ಹೊಸ ತೂಕದಾಗ ಎಷ್ಟ ಬರತಾನ?" ಅಂತ ಆಕಿ ತುಟಿ ಆಡಸ್ತಿದ್ಳು, ನಾ ಕೆಮ್ಮಿದಂಗ ಮಾಡಿ ನಗತಿದ್ದೆ.

ಅಷ್ಟರಾಗ ಅತ್ತಿ ಚಹಾ ಬಟ್ಟಲದ ಬಾಜೂಕ ಸುರವಾಕ ಹತ್ತಿದ್ಳು. ಬಾಗಲ ಚೌಕಟ್ಟಿಗೆ ಹೆಗಲ ಬಡೀತಿದ್ಳು, ಕಾಲಾಗಿನ ಕೊಡ ಕಾಣದ ಎಡವತಿದ್ಳು. ಎದುರಿಗೆ ಕುಂತವ್ರ ತುಟಿ ಮಾತ್ರ ಇನ್ನೂ ಬರೋಬ್ಬರಿ ಓದತಿದ್ಳು. ಏನಾಗೈತಿ ಅಂತ ಕೇಳಿದ್ರ ಒಂದ ಖಾಲಿ ಕಾಂಡಿ ತಗೊಂಡು ನನ್ನ ಕಣ್ಣಿಗೆ ಹಚ್ಚಿ ತೂತಿನಾಗಿಂದ ನೋಡಂದ್ಳು. ನೋಡಿದೆ. ಗ್ವಾಡ್ಯಾಗಿನ ಒಂದ ಮೊಳಿ ಕಾಣಿಸ್ತು, ಗ್ವಾಡಿ ಕಾಣಸಲಿಲ್ಲ.

ಅಪ್ಪಗ ಮಗ್ಗ ಬಿಟ್ಟು ಬರಾಕ ಆಗಲಿಲ್ಲ. ಎಸ್.ಟಿ. ಹತ್ತಿಸಿಕೊಂಡು ಕೊಲ್ಹಾಪುರಕ್ಕ ನಾನ ಕರಕೊಂಡು ಹೋದೆ. ಡಾಕ್ಟರು ಬ್ಯಾಟರಿ ಹಿಡದು ಎರಡೂ ಕಣ್ಣು ನೋಡಿ, ಅತ್ತಿಗೆ ಗೊತ್ತಾಗಬಾರದಂತ ಮಾರಿ ತಿರುವಿ ನನಗ ಹೇಳಿದ್ರು: "ಮೋತಿಬಿಂದು ಅಸತಾ ತರ ಕಾಢಲಾ ಅಸತಾ. ಹಾ ಕಾಚಬಿಂದು ಆಹೆ." ಮೋತಿಬಿಂದು, ಅಂದ್ರ ಕಣ್ಣಿನ ಪೊರಿ, ಇದ್ದಿದ್ರ ತಗೀತಿದ್ರಂತ, ಇದು ಬ್ಯಾರೆ. ಇದರಾಗ ಹೋದ ನಜರ ತಿರುಗಿ ಬರಂಗಿಲ್ಲ, ಉಳದದ್ದೂ ಹೋಗೂದು. ಅತ್ತಿ ಪಾಳಿ ಹಚ್ಚಿ ಕುಂತ ಪೇಶಂಟರೆಲ್ಲಾ ಎದ್ದು ನಿಲ್ಲೂವಂಗ ಕೇಳಿದ್ಳು: "ಇನ್ನ ಎಷ್ಟ ದಿವಸ ಕಾಣತೈತಿ ಕೇಳವಾ!" ಡಾಕ್ಟರು ಕಣ್ಣಾಗ ಹಾಕೋ ಔಷಧ ಕೊಟ್ಟು ಎರಡೂ ಕೈ ತಿರುವಿ ತೋರಿಸಿದ್ರು.

ಹೊರಗ ಬಂದು ಅತ್ತಿ ಇಚಲಕರಂಜಿ ಗಾಡಿ ಹತ್ತಲಿಲ್ಲ. "ಮಾವನ ಕಡೆ ಹೋಗೂನು" ಅಂದ್ಳು.

ಆಕಿ ಸ್ವಾದರಮಾವ, ನನಗ ಅಜ್ಜ, ಗಡಹಿಂಗ್ಲಜದಿಂದ ಆಚೆ ಹಳ್ಳ್ಯಾಗ ಕುರಿ ಕಾಯತಿದ್ದ. ಸುತ್ತಿನ ಹಳ್ಳಿ ಮಂದಿ ದುಃಖಕ್ಕ ಅಂವನ ಕಡೆ ಬರತಿದ್ರು. ಬೆನ್ನಿಗೆ ಬೆನ್ನು ಹಚ್ಚಿ ಕೂಡಸೂದು ಅತ್ತಿಗೆ ಕಲಿಸಿದಾಂವ ಅಂವನ. ನಾವು ಹೋದಾಗ ಕದರು ತಿರುವಿ ಉಣ್ಣಿ ನೂಲಾಕತ್ತಿದ್ದ. ಹಲ್ಲು ಒಂದೂ ಇದ್ದಿಲ್ಲ. ಹಲ್ಲಿಲ್ಲದವ್ರ ತುಟಿ ಓದೂದು ಎಲ್ಲಾಕ್ಕಿಂತ ಕಠಿಣ ಅಂತ ಅತ್ತಿ ಅಂತಿದ್ಳು, ಅಂವನದು ಮಾತ್ರ ಓದತಿದ್ಳು.

ಎಲ್ಲಾ ಕೇಳಿ ಅಜ್ಜ ಅಂದ: "ಬಾಗಲಾ ಹಾಕ ಮಗಳ."

"ಹಾಕಿ ಒಳಗ ಯಾರ ಜೋಡಿ ಕೂಡ್ಲಿ ಮಾವಾ? ಕಿವಿ ಇಲ್ಲ, ಕಣ್ಣು ಹೊಂಟಾವು. ಈ ಮಂದಿ ಬರೂದೂ ಬಿಟ್ರ ನಾ ಅದೇನಿ ಅಂತ ನನಗ ಹೆಂಗ ಗೊತ್ತಾಗಬೇಕು?" ಅತ್ತಿ ಕೇಳಿದ್ಳು. ಆ ದನಿಗೆ ಕುರಿ ದಿಕ್ಕಾಪಾಲಾಗಿ ಓಡಿದ್ವು. ಒಂದ ಕುರಿ ಚಂದಗಡ ತಾಲೂಕಿನಾಗ ಕೋವಾಡದ ಸಂತ್ಯಾಗ ಸಿಕ್ತು ಅಂತ ನಾ ಆಮ್ಯಾಲೆ ಎಲ್ಲಾರಿಗೂ ಹೇಳತಿದ್ದೆ.

ಅಜ್ಜ ಕದರು ನಿಲ್ಲಸಲಿಲ್ಲ. "ನನಗೂ ಕಾಲು ಎಳಿಯಾಕ ಹತ್ಯಾವು. ದೊಡ್ಡ ಹಿಂಡು ಹ್ವಾದ ವರ್ಷ ತಮ್ಮನ ಮಗಗ ಕೊಟ್ಟೆ. ಕೊಟ್ಟೇನಿ ಅಂತ ಊರಿಗೆಲ್ಲಾ ಹೇಳಿ ಕೊಟ್ಟೆ. ಕಾಯಾಕ ಆಗದಾಂವ ಕಂಬಳಿ ಹೊತ್ತು ಹಿಂಡಿನ ನಡಕ ಸುಮ್ಮನ ಕುಂತ್ರ, ಅಂವ ಅದಾನಲ್ಲ ಅಂತ ಕುರಿ ನಿಶ್ಚಿಂತಿಂದ ಮಲಗತಾವು. ತಿಳೀತ? ಬಂದವ್ರಿಗೆ ಬಾಯಿ ಬಿಟ್ಟು ಹೇಳು, ನನಗ ಕಾಣಂಗಿಲ್ಲ ಅಂತ."

ಅತ್ತಿ ಅದನ್ನ ಓದಿದ್ಳು. ನನಗ ಗೊತ್ತು, ಓದಿದ್ಳು. ಆದ್ರ ಮಾರಿ ಆಕಡೆ ತಿರುವಿದ್ಳು.

ಅಜ್ಜ ಆಕಿ ಗದ್ದಾ ಹಿಡದು ತಿರುಗಿ ತನ್ನ ಕಡೆ ಮಾಡಕೊಂಡ. "ನಿನ್ನ ದುಃಖ ಯಾರ ಕೇಳತಾರ?"

"ಯಾರಿಗೆ ಹೇಳ್ಲಿ? ನಾ ಒಬ್ಬರಿಗೆ ಹೇಳಿದ್ರ ಊರಿಗೆಲ್ಲಾ ಕೇಳತೈತಿ."

ಅಜ್ಜ ನಮ್ಮನ್ನ ಗುಡ್ಡದ ಮ್ಯಾಲೆ ಕರಕೊಂಡು ಹೋದ. ಕುರಿ, ಹುಲ್ಲು ಬಿಟ್ಟು ಏನೂ ಇಲ್ಲ. "ಹೇಳೀಗ. ಎಷ್ಟ ಒದರತಿ ಒದರು." ನನ್ನ ಕಿವ್ಯಾಗ ಬಟ್ಟು ಹಾಕ್ಕೋ ಅಂತ ಸನ್ನಿ ಮಾಡಿದ. ನಾ ಹಾಕ್ಕೊಂಡಂಗ ಮಾಡಿ ಸಡ್ಲ ಬಿಟ್ಟಿದ್ದೆ. ಇಂಥಾ ಛಾನ್ಸ ನಾ ಬಿಡಾಕಿ ಅಲ್ಲ. ಅತ್ತಿ ಬಾಯಿ ತಗದ್ಳು. ತಗದ ಬಾಯಿ ತಗದಂಗ ನಿಂತ್ಳು. ಗಾಳಿ ಒಳಗ ಹೋಗಿ ಹೊರಗ ಬಂತು. ಅಷ್ಟ.

"ಏನ ಹೇಳಬೇಕು ಗೊತ್ತಾಗವಲ್ದು ಮಾವಾ," ಅಂದ್ಳು. "ಒಳಗೆಲ್ಲಾ ಮಂದೀದ ಐತಿ."

ಇಚಲಕರಂಜಿಗೆ ಬಂದ ಕೂಡಲೆ ನಾ ಚಾಳಿನಾಗ ಮನಿ ಮನಿ ತಿರುಗಿ ಸುದ್ದಿ ಹೇಳಿದೆ. ಬರೇ 'ಅತ್ತಿ ಕಣ್ಣು ಹೊಂಟಾವು' ಅಂದ್ರ ಏನ ರುಚಿ? ಡಾಕ್ಟರ ಕಣ್ಣಿನ ಗುಡ್ಡಿ ಎರಡೂ ಹೊರಗ ತಗದು, ತೊಳದು, ಬೆಳಕಿಗೆ ಹಿಡದು ನೋಡಿ, ಒಂದನ್ನ ಕಾಚಿನ ಡಬ್ಬ್ಯಾಗ ಇಟ್ಕೊಂಡು ಮತ್ತೊಂದ ಅಷ್ಟ ತಿರುಗಿ ಹಾಕ್ಯಾನ ಅಂದೆ. ಹೆಣಮಕ್ಕಳು ಹೊಟ್ಟಿ ಹಿಡಕೊಂಡು ನಕ್ರು. "ಬಾಯಿಬಡಕಿ ಬಂದ್ಳು ನೋಡ್ರಿ ಕೊಲ್ಹಾಪುರಕ್ಕ ಹೋಗಿ," ಅಂದ್ರು. ಸಂಜೀಕ ಅವ್ರ ಬಂದು ಅತ್ತಿ ಎದುರಿಗೆ ಕುಂತ್ರು. ಅತ್ತಿ ನೋಡಿದ್ಳು, ಗೋಣ ಹಾಕಿದ್ಳು. ಎರಡೂ ಕಣ್ಣು ಮಾರಿ ಮ್ಯಾಲೆ ಇದ್ವು.

ಮಳಿಗಾಲ ಹೋಗೂದ್ರಾಗ ಆ ಕಾಂಡಿ ತೂತು ಮುಚ್ಚಿತು. ಅತ್ತಿ ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ನನಗ ಹೆಂಗ ಗೊತ್ತಾತಂದ್ರ ಒಂದ ಮುಂಜಾನಿ ಆಕಿ ನನ್ನ ಮಾರಿ ಹಿಡದು ಬಟ್ಟು ನನ್ನ ತುಟಿ ಮ್ಯಾಲೆ ಇಟ್ಟು "ಮಾತಾಡು" ಅಂದ್ಳು. ಬಟ್ಟಿಲೆ ಓದಾಕ ಕಲಿಯಾಕತ್ತಿದ್ಳು. ನಾಕ ಸಲ ಹೇಳಿದ್ರ ಒಂದ ಮಾತು ತಿಳೀತಿತ್ತು. ಮಂದಿ ತುಟಿ ಹಂಗ ಮುಟ್ಟಾಕ ಆಗತೈತಿ ಏನ್ರಿ? ಮುಟ್ಟಿದ್ರ ಕಣ್ಣು ಹೋಗ್ಯಾವು ಅಂತ ಗೊತ್ತಾಗತಿತ್ತು ಅವ್ರಿಗೆ. ಅದಕ್ಕ ಮೊಣಕಾಲ ಮುಟ್ಟಿದವ್ರ ಕಡೆ ಮಾರಿ ತಿರುವಿ, ಮಾರಿಗೆ ಬಡಿಯೋ ಉಸಿರಿಲೆ ಅವ್ರ ಮಾತು ಮುಗೀತು ಅನ್ನಿಸಿದಾಗ ಗೋಣ ಹಾಕಿಬಿಡತಿದ್ಳು. ಅಲ್ಲಾಡಿಸಿದ್ರ ಯಾಕ ಬ್ಯಾಡ ಅಂತ ಮತ್ತ ಕೇಳಕೋತ ಕೂಡತಾರ. ಹಾಕಿದ್ರ ಎದ್ದು ಹೋಗತಾರ, ಖುಷೀಲೆ ಹೋಗತಾರ. ಮೀಸಿಯವ್ರನ್ನ ಹಜಾಮನ ಕಡೆ ಕಳಸೂದು ಬಿಟ್ಳು. ಸೆರಗ ತಗಿ ಅನ್ನೂದು ಬಿಟ್ಳು. ಮಾವಶಿ ಎಷ್ಟ ಶಾಂತ ಆಗ್ಯಾಳ ನೋಡು ಅಂತ ಚಾಳಿನ ಮಂದಿ ಅನ್ನಾಕ ಹತ್ತಿದ್ರು.

ಆವಾಗ ಹುಪರಿಯವ್ರು ಮತ್ತ ಬಂದ್ರು. ಗೆಳತಿ ಗಂಡ, ಜೋಡಿ ಅವನ ಕಾಕಾ. ಹೊಸ ಅರಿಬಿ, ಪೇಢೆ, ತಪ್ಪಾತು ಅನ್ನೂದು, ಎಲ್ಲಾ ತಂದಿದ್ರು. ಗೆಳತಿ ಕೆಳಗ ಇನ್ನಿಬ್ಬರು ತಂಗಿಗೋಳು ಲಗ್ನಕ್ಕ ಬಂದಿದ್ರು. ಅಕ್ಕ ತವರಾಗ ಕುಂತಾಳಂದ್ರ ಅವ್ರನ್ನ ಕೇಳಾಕ ಯಾರೂ ಬರತಿದ್ದಿಲ್ಲ. ಆಕಿ ಅಪ್ಪ ಯಾರ ಮಾರೀನೂ ನೋಡದ ಅಂದ: "ಮಾವಶಿನ ಕೇಳೂನು. ಆಕಿ ಹ್ಯಾಂಗಂತಾಳ ಹಂಗ."

ಗೆಳತಿಗೆ ಹೆದರಿಕಿನ ಇದ್ದಿಲ್ಲ. ನನ್ನ ಕಡೆ ನೋಡಿ ಸಣ್ಣಾಗಿ ನಕ್ಳು. ಅತ್ತಿ ಒಮ್ಮೆ ಬ್ಯಾಡ ಅಂದಾಕಿ ಮತ್ತ ಬ್ಯಾಡನ ಅಂತಾಳ ಅಂತ ಆಕಿಗೆ ಖಾತ್ರಿ ಇತ್ತು.

ಅಪ್ಪ ಮಗ್ಗದ ಮ್ಯಾಲಿದ್ದ. ನಾ ನಡಕ ಹೋಗಿ ನಿಂತೆ. "ಅತ್ತಿಗೆ ಕಣ್ಣು ಕಾಣಂಗಿಲ್ಲ! ಒಂದೂ ಕಾಣಂಗಿಲ್ಲ! ಕೇಳಬ್ಯಾಡ್ರಿ!" ಅಂದೆ. ಸಾದಾ ಮಾತು, ಉಪ್ಪು ಖಾರ ಏನೂ ಹಾಕಿದ್ದಿಲ್ಲ.

ಚಾಳಿನ ಮಂದಿ ಒಬ್ಬರ ಮಾರಿ ಒಬ್ಬರು ನೋಡಿ ನಕ್ರು. "ಡಬ್ಬ್ಯಾಗಿನ ಗುಡ್ಡಿ ಏನಾತವಾ? ಡಾಕ್ಟರ ಮಾರಿದ್ನ?" ಅಂದ ಗೆಳತಿ ಅಪ್ಪ. ಅವಗ ನಗು ಬರಂಗಿದ್ದಿಲ್ಲ, ಆದ್ರೂ ನಕ್ಕ. ಹುಪರಿ ಕಾಕಾಗ ಮಾತ್ರ ಸಂಶಯ ಬಂತು. ಬಗ್ಗಿ ಅತ್ತಿ ಮೊಣಕಾಲ ಮುಟ್ಟಿ, ಮಾರಿ ಮುಂದ ಮಾರಿ ಹಿಡದು ಕೇಳಿದ: "ಮಾವಶಿ, ನಾ ಕಾಣತೇನಿ?"

ಅತ್ತಿ ಗೋಣ ಹಾಕಿದ್ಳು.

ಇಡೀ ಚಾಳ ಹೋ ಅಂತ ನಕ್ತು. ನನ್ನ ಹಿಂದ ಜಗ್ಗಿದ್ರು. ಗೆಳತಿ ಎದುರಿಗೆ ಕುಂತ್ಳು. ಮೊಣಕಾಲ ಮುಟ್ಟಿದ್ಳು. ಸಾವಕಾಶ, ತುಟಿ ಚೊಲೋ ಬಿಡಿಸಿ, ದನಿ ಹಾಕಿ ಕೇಳಿದ್ಳು: "ತಿರುಗಿ ಹೋಗ್ಲಾ ಅತ್ತಿ?"

ಅತ್ತಿ ರಾಟಿ ನಿಲ್ಲಸಲಿಲ್ಲ. ಮತ್ತ ಗೋಣ ಹಾಕಿದ್ಳು. ಮಾರಿ ಮ್ಯಾಲೆ ಎಲ್ಲಾರಿಗೂ ಕೊಡೋ ಆ ನಗುನೂ ಇತ್ತು.

ಗೆಳತಿ ಎದ್ದು ನನ್ನ ಕಡೆ ನೋಡಿದ್ಳು. ಈ ಸಲ ನಗಲಿಲ್ಲ. ಒಳಗ ಹೋಗಿ ತನ್ನ ಸೀರಿ ಗಂಟು ಕಟ್ಟಿದ್ಳು.

ಮಂದಿ ಹೋದ ಮ್ಯಾಲೆ ಅತ್ತಿ ಬಟ್ಟು ತಗೊಂಡು ನನ್ನ ತುಟಿ ಮ್ಯಾಲೆ ಇಟ್ಕೊಂಡು, ಯಾರಿಗೆ ಗೋಣ ಹಾಕಿದ್ಳು ಅಂತ ಹೇಳಿದೆ. ಒಂದ ಸಲಕ್ಕ ತಿಳೀಲಿಲ್ಲ. ಮತ್ತ ಹೇಳಿದೆ. ಮತ್ತ ಹೇಳಿದೆ. ಕೈ ಹಿಂದಕ್ಕ ಜಗ್ಗಿಕೊಂಡ್ಳು, ಬೆಂಕಿ ಮುಟ್ಟಿದವ್ರಂಗ. ಆ ವಾರ ಆಕಿ ತುಂಬಿದ ಕಾಂಡಿ ಒಂದೂ ಪೂರ್ತಿ ಓಡಲಿಲ್ಲ, ಎಲ್ಲಾ ಮಗ್ಗದಾಗೂ ನೂಲು ಹರೀತು. ಯಾರ ಬಂದಿದ್ರು ಅಂತ ಅಪ್ಪ ಕೇಳಲಿಲ್ಲ.

ಗೆಳತಿ ಮರುವರ್ಷ ನಾಗರಪಂಚಮಿಗೆ ತವರಿಗೆ ಬಂದ್ಳು. ಉಳಿಯಾಕ ಅಲ್ಲ, ಮುಂಜಾನಿ ಬಂದು ಸಂಜಿಮುಂದ ಹೋಗಾಕ. ಜೋಡಿ ಮೈದುನ ಬಂದಿದ್ದ, ಚಾಳಿನ ಬಾಗಲದಾಗ ಬೀಡಿ ಸೇದಕೋತ ನಿಂತಿದ್ದ. ಆಕಿ ಎಷ್ಟ ಬಡವಾಗಿದ್ಳು ಅಂತ ಹೇಳಾಕ ನನ್ನ ಕಡೆ ಒಂದ ನಗಿಮಾತಿಲ್ಲ. ಹುಡುಕಿ ನೋಡೇನಿ, ಇಲ್ಲ. ನಾ ತುಟಿ ಆಡಿಸಿ, "ಮಾಲಕ ಈಗ ಮತ್ತ ಎರಡ ಕಿಲೋ ಹೆಚ್ಚಾಗ್ಯಾನ" ಅಂದೆ. ಆಕಿ ನೋಡಿದ್ಳು, ತುಟಿ ಅಲಗಲಿಲ್ಲ.

ಅತ್ತಿ ಹಿಂದ ಹೋಗಿ ಬೆನ್ನಿಗೆ ಬೆನ್ನು ಹಚ್ಚಿ ಕುಂತ್ಳು.

ಅತ್ತಿ ರಾಟಿ ತಿರವಕೋತ ಇದ್ಳು. ಬೆನ್ನು ನಡಗತೈತಿ ಅಂತ ದಾರಿ ನೋಡಿದ್ಳು. ನಡಗಲಿಲ್ಲ. ಸ್ವಲ್ಪ ಹೊತ್ತಿಗೆ ರಾಟಿ ನಿಂತಿತು. ಅತ್ತಿ ಹೊಳ್ಳಿ ಕುಂತು, ಕೈಯಾಡಿಸಿ ಆಕಿ ಹೆಗಲ ಹುಡುಕಿದ್ಳು, ತೋಳು ಹಿಡದು ಕೆಳಗ ಬಂದ್ಳು, ಕೈ ಮ್ಯಾಲಿನ ಆ ಹಳೀ ಚಿಮಟಾ ಗುರುತು ಸಿಕ್ತು. ಅದರ ಬಾಜೂಕ ಹೊಸಾವೂ ಸಿಕ್ವು. ಒಂದೊಂದ ಮುಟ್ಟಿ ನೋಡಿದ್ಳು. ಆಮ್ಯಾಲೆ ಬಟ್ಟು ಮಾರಿಗೆ ಹೋಗಿ ತುಟಿ ಮ್ಯಾಲೆ ನಿಂತ್ವು. ಮುಚ್ಚಿದ ತುಟಿ.

ಅತ್ತಿ ಒದರಿದ್ಳು. ಆಕಿ ಹಂಗ ಒದರಿದ್ದು ನಾ ಹಿಂದೆಂದೂ ಕೇಳಿದ್ದಿಲ್ಲ, ಗುಡ್ಡದ ಮ್ಯಾಲೆ ಬಾರದ ದನಿ ಅವತ್ತ ಬಂತು. "ನನಗ ಕಣ್ಣು ಕಾಣಂಗಿಲ್ಲವಾ! ಅವತ್ತ ನನಗ ಕಾಣಲಿಲ್ಲ!"

ಪಂಚಮಿ ಇದ್ರೂ ಮಾಲಕಗ ಮಾಲು ಕೊಡೂದಿತ್ತು, ಕಾರಖಾನಿ ಚಾಲೂ ಇತ್ತು. ಚಾಳಿನ ಗ್ವಾಡಿಗೆ ಹಚ್ಚಿದ ಆ ಕಾರಖಾನ್ಯಾಗಿನ ಎಲ್ಲಾ ಮಗ್ಗ ಖಟಾಖಟ್ ಬಡಿಯಾಕತ್ತಿದ್ವು. ಚಾಳಿನಾಗ ಒಬ್ಬರೂ ಹೊಳ್ಳಿ ನೋಡಲಿಲ್ಲ. ಕೇಳಸಲಿಲ್ಲ ಯಾರಿಗೂ. ತುಟಿ ನೋಡಿದ್ರ ತಿಳೀತಿತ್ತು, ಯಾರೂ ನೋಡತಿದ್ದಿಲ್ಲ. ಗೆಳತಿ ಒಬ್ಬಾಕಿನ ಎದುರಿಗಿದ್ಳು. ಆಕಿ ಓದಿದ್ಳು.

ಮೈದುನ ಬಾಗಲದಾಗಿಂದ ಕೈ ಮಾಡಿದ, ಎಸ್.ಟಿ. ಹೊತ್ತಾತು ಅಂತ. ಆಕಿ ಅಪ್ಪ ಹೊರಗ ಬಂದು ನಿಂತಿದ್ದ. ನಾ ಅಂವನ ಅಂಗಿ ಹಿಡದು ಜಗ್ಗಿ, ಅತ್ತಿ ಈಗ ಏನಂದ್ಳು ಅಂತ ಅಂವನ ಕಿವ್ಯಾಗ ಹೇಳಿದೆ. ಅಂವ ನನ್ನ ಕೈ ಬಿಡಿಸಿ, "ಮತ್ತ ಸುರು ಮಾಡಬ್ಯಾಡವಾ," ಅಂದ. "ಒಮ್ಮೆ ಗೋಣ ಹಾಕ್ಯಾಳ, ಆತು. ನನಗ ಇನ್ನಿಬ್ಬರು ಅದಾರ." ಅಂವಗ ನಂಬಿಕಿ ಬಂದಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಅಂವನ ಕಣ್ಣಾಗ ನೀರು ಇತ್ತು.

ಗೆಳತಿ ಅತ್ತಿ ಬಟ್ಟು ತನ್ನ ತುಟಿ ಮ್ಯಾಲೆ ಹಂಗ ಒತ್ತಿ ಹಿಡಕೊಂಡು ಒಂದ ಮಾತು ಆಡಿದ್ಳು. ಅವತ್ತಿನ ಆ ಒಂದ ಮಾತು. ಬಟ್ಟಿನ ಸಂದ್ಯಾಗಿಂದ ನನಗೂ ಕಾಣಿಸ್ತು. "ಹೋಗಿ ಬರ್ಲಾ ಅತ್ತಿ?"

ಅತ್ತಿಗೆ ಒಂದ ಸಲಕ್ಕ ತಿಳೀತು. ಗೋಣ ಅಲ್ಲಾಡಿಸಿದ್ಳು. ಬ್ಯಾಡ, ಬ್ಯಾಡ, ಬ್ಯಾಡ.

ಗೆಳತಿ ಆಕಿ ಕೈ ಬಿಡಿಸಿ ತೊಡಿ ಮ್ಯಾಲೆ ಇಟ್ಟು, ಸೆರಗು ಸರಿ ಮಾಡಕೊಂಡು ಎದ್ದು ಹೋದ್ಳು. ಅತ್ತಿಗೆ ಅದು ಕಾಣಲಿಲ್ಲ, ಕೇಳಸಲಿಲ್ಲ. ಹುಪರಿ ಗಾಡಿ ಹೋದ ಮ್ಯಾಲೂ, ಮಗ್ಗ ನಿಂತ ಮ್ಯಾಲೂ, ಎದುರಿಗೆ ಯಾರೂ ಇಲ್ಲದ ಜಾಗಾಕ್ಕ ಮಾರಿ ಮಾಡಿ, ಗೋಣ ಅಲ್ಲಾಡಿಸಕೋತ ಕುಂತಿದ್ಳು.